ಸ್ಯಾನ್ ಸಿರೋಗೂ ಮುಂಚಿನ ಬೇಲ್

ವೇಲ್ಸ್‌ನ ಫುಟ್‌ಬಾಲ್ ಆಟಗಾರ ಗ್ಯಾರೆತ್ ಬೇಲ್ ಅವರ ಆಟ ಶುರುವಾದದ್ದೇ 2010ರ ಅಕ್ಟೋಬರ್‌ನಲ್ಲಿ, ಇಟಲಿಯ ಸ್ಯಾನ್ ಸಿರೋ ಮೈದಾನದಲ್ಲಿ ಇಂಟರ್ ಮಿಲಾನ್ ವಿರುದ್ಧ ಬಾರಿಸಿದ ಹ್ಯಾಟ್ರಿಕ್‌ನಿಂದ ಎಂಬಂತೆ, ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅದಕ್ಕೂ ಹಿಂದಿನ ವರ್ಷಗಳನ್ನು ಹೀಗೆ ಬದಿಗಿಡುವುದು ನ್ಯಾಯವಲ್ಲ. ಕಾರ್ಡಿಫ್‌ನ ಈ ಹುಡುಗ 2006ರಲ್ಲಿ, 16ರ ವಯಸ್ಸಿನಲ್ಲೇ, ಸೌತಾಂಪ್ಟನ್ ಕ್ಲಬ್ಬಿಗೂ ವೇಲ್ಸ್ ರಾಷ್ಟ್ರೀಯ ತಂಡಕ್ಕೂ ಪದಾರ್ಪಣೆ ಮಾಡಿದ್ದರು. ಆಗ ಅವರು ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರ. ಆದರೂ ಅವರ ಎಡಗಾಲಿನ ಫ್ರೀ ಕಿಕ್‌ಗಳು (ಎದುರಾಳಿಯ ತಪ್ಪಿಗೆ ಸಿಗುವ ಒದೆತಗಳು) ಸಾಲುಗಟ್ಟಿ ನಿಂತ ಎದುರಾಳಿಗಳ ತಲೆಯ ಮೇಲಿಂದ ಬಾಗಿ ಬಲೆ ಸೇರುತ್ತಿದ್ದವು. 2007ರಲ್ಲಿ ಲಂಡನ್‌ನ ಟಾಟನ್‌ಹ್ಯಾಮ್ ಕ್ಲಬ್ ಸೇರಿದ ಮೇಲೆ ಗಾಯಗಳು ಕಾಡಿದವಲ್ಲದೆ, ಅವರು ಆಡಿದ ಮೊದಲ 24 ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಗೆಲ್ಲದೆ, ಕಾಲ್ಗುಣ ಸರಿಯಿಲ್ಲದವರೆಂಬ ಹಣೆಪಟ್ಟಿಯೂ ಅಂಟಿತು. ಹನ್ನೊಂದು ಜನರ ಸೋಲನ್ನು ಒಬ್ಬ ಹದಿಹರೆಯದವನ ತಲೆಗೆ ಕಟ್ಟಿದ್ದು ಇಂದಿಗೂ ನನಗೆ ಸಹಿಸಲಾಗದ ಸಂಗತಿ. 2009ರ ಸೆಪ್ಟೆಂಬರ್‌ನಲ್ಲಿ ಬರ್ನ್ಲಿ ವಿರುದ್ಧ, ಬದಲಿ ಆಟಗಾರನಾಗಿ ಇಳಿದ ಪಂದ್ಯದಲ್ಲಿ, ಅವರಿಗೆ ಮೊದಲ ಪ್ರೀಮಿಯರ್ ಲೀಗ್ ಗೆಲುವು ದಕ್ಕಿತು.