ಕೋಳಿ ಮುಚ್ಚಿದ್ಯಾ?

"ಈ ಜಾಲರಿ ಇರೋದು ಕೋಳಿ ಹೊರಗೆ ಹೋಗದಿರಲಿ ಅಂತ. ಬೇರೆಯವರು ಒಳಗೆ ಬರದಿರಲಿ ಅಂತ ಅಲ್ಲ."

ಪಕ್ಕದ ಮನೆಯ ಯಜಮಾನರು ಬೇಲಿಯ ಆಚೆ ನಿಂತು ಇಷ್ಟೇ ಹೇಳಿದರು. ಮೆತ್ತಗೇ ಹೇಳಿದರು. ನನ್ನ ಕೈಯಲ್ಲಿ ತಲೆ ಇಲ್ಲದ ಕೋಳಿ ಇತ್ತು. ಗೂಡಿನೊಳಗೆ ಇನ್ನೂ ಎರಡು ಸತ್ತು ಬಿದ್ದಿದ್ದವು. ಸಾಕಿದ್ದೇ ಆರು. ಅಂಗಳದ ತುಂಬಾ ಕೋಳಿ ಇದ್ದ ಮನೆಯಲ್ಲಿ ಬೆಳೆದವನು ನಾನು. ಅಮೆರಿಕಕ್ಕೆ ಬಂದು ಕೋಳಿ ಸಾಕೋದನ್ನ ಇವರ ಹತ್ತಿರ ಕಲೀಬೇಕಾ ಅಂತ ಹೊಟ್ಟೆ ಉರಿಯಿತು.

ಕಲಿಯಲೇಬೇಕಾಯಿತು. ಅವರು ಒಳಗೆ ಬಂದು, ಕೂತು, ಒಂದೊಂದೇ ನೋಡಿದರು. ತಲೆ ಹೋದ ಕೋಳಿ ಜಾಲರಿಗೆ ಒರಗಿ ಮಲಗಿದೆ. ರಕೂನ್ ಅನ್ನೋ ಇಲ್ಲಿನ ಕಾಡುಪ್ರಾಣಿ ಹೊರಗಿನಿಂದಲೇ ಕೈ ಹಾಕಿ ಎಳೆದಿದೆ. ತಲೆ ಬಂತು, ಮೈ ಬರಲಿಲ್ಲ. ಆಮೇಲೆ ಬಾಗಿಲಿನ ಕೊಂಡಿ ಎತ್ತಿ ಒಳಗೆ ಹೋಗಿದೆ. ಹೌದು, ಕೊಂಡಿ ಎತ್ತಿದೆ. ಅದರ ಮುಂಗಾಲನ್ನು ಕಾಲು ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ, ಕೈಯೇ ಅದು. ಸಾದಾ ಕೊಂಡಿ, ತಿರುಗಿಸುವ ಚಿಲಕ ಎಲ್ಲಾ ಅದಕ್ಕೆ ಆಟದ ಸಾಮಾನು. ಎರಡು ಸಲ ಬೇರೆ ಬೇರೆ ರೀತಿ ಕೈ ಆಡಿಸಿದರೆ ಮಾತ್ರ ಬಿಚ್ಚಿಕೊಳ್ಳುವಂಥದ್ದು ಬೇಕಂತೆ.

ನನ್ನನ್ನು ಚುಚ್ಚಿದ್ದು ಸತ್ತ ಕೋಳಿಗಿಂತ ಆ ವಿಚಾರಣೆ. ಯಾಕೆಂದರೆ ನಮ್ಮ ಕಡೆ ಇಂಥ ವಿಚಾರಣೆ ನಡೆದದ್ದನ್ನು ನಾನು ಕಂಡೇ ಇಲ್ಲ. ಬೆಳಿಗ್ಗೆ ಎದ್ದರೆ ಪುಕ್ಕ ಚೆಲ್ಲಿರುತ್ತಿತ್ತು. "ನರಿ ಹೊತ್ಕೊಂಡು ಹೋಯ್ತು" ಅಂತ ಯಾರೋ ಅನ್ನುತ್ತಿದ್ದರು. "ಕಾಡುಬೆಕ್ಕು ಇರಬೇಕು" ಅಂತ ಇನ್ನೊಬ್ಬರು. "ಅದರ ಋಣ ಅಷ್ಟೇ ಇತ್ತು" ಅಂತ ಅಜ್ಜಿ. ಮುಗೀತು. ಎಲ್ಲಿಂದ ನುಗ್ಗಿತು, ಯಾವ ಹಲಗೆ ಸಡಿಲ ಇದೆ ಅಂತ ಒಬ್ಬರೂ ಬಗ್ಗಿ ನೋಡುತ್ತಿರಲಿಲ್ಲ. ಎರಡು ವಾರಕ್ಕೆ ಅದೇ ಸಂದಿಯಿಂದ ಅದೇ ಬೆಕ್ಕು ಮತ್ತೆ ಬರುತ್ತಿತ್ತು. ಮತ್ತೆ ಋಣ. ಸಂದಿ ಮುಚ್ಚೋಕೆ ಒಂದು ತಗಡು, ನಾಲ್ಕು ಮೊಳೆ ಸಾಕಿತ್ತಲ್ವಾ? ಋಣದ ಲೆಕ್ಕ ಹಾಕೋಕೆ ಇದ್ದ ಪುರುಸೊತ್ತು ಮೊಳೆ ಹೊಡೆಯೋಕೆ ಇರಲಿಲ್ಲ.

ಇಲ್ಲಿ ಹಾಗಲ್ಲ. ಮೂರು ಶನಿವಾರ ಆ ಯಜಮಾನರ ಜೊತೆ ಗೂಡು ಕಟ್ಟಿದೆ. ಷಟ್ಕೋನದ ತೆಳು ಜಾಲರಿ ಕಿತ್ತು ಹಾಕಿ, ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಬಡಿದೆವು. ಇದಕ್ಕೆ ಇಲ್ಲಿನವರು 'ಹಾರ್ಡ್‌ವೇರ್ ಕ್ಲಾತ್' ಅಂತಾರೆ, ಬಟ್ಟೆಗೂ ಅದಕ್ಕೂ ಸಂಬಂಧ ಏನೋ ಗೊತ್ತಿಲ್ಲ, ಇರಲಿ. ಬರೀ ಪಿನ್ನು ಹೊಡೆದರೆ ಕಿತ್ತು ಬರುತ್ತದೆ ಅಂತ ವಾಷರ್ ಹಾಕಿ ಸ್ಕ್ರೂ ಬಿಗಿದೆವು. ಗಾಳಿ ಆಡುವ ಕಿಂಡಿಗಳಿಗೂ ಅದೇ ಜಾಲರಿ. ವೀಸಲ್ ಅಂತ ಒಂದಿದೆ, ಮುಂಗುಸಿಯ ಥರ ಉದ್ದ ಮೈ. ಒಂದು ಇಂಚು ತೂತು ಇದ್ದರೆ ಅದು ಒಳಗೆ ಬರುತ್ತದೆ. ಬಂದರೆ ಒಂದನ್ನು ಹಿಡಿದು ಹೋಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ನೆಲದ ಕೆಲಸ. ಜಾಲರಿಯನ್ನು ಗೋಡೆಯ ಬುಡದಲ್ಲೇ ನಿಲ್ಲಿಸದೆ, ಹೊರಕ್ಕೆ ಮಡಚಿ, ಒಂದಡಿ ಅಗಲ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿದೆವು. ನರಿ ಆಗಲಿ ನಾಯಿ ಆಗಲಿ ತೋಡುವುದು ಗೋಡೆಯ ಬುಡದಲ್ಲೇ. ತೋಡಿದಲ್ಲೆಲ್ಲ ಉಗುರಿಗೆ ತಂತಿ ಸಿಗುತ್ತದೆ. ಒಂದಡಿ ಹಿಂದೆ ಸರಿದು ತೋಡೋಣ ಅಂತ ಅದಕ್ಕೆ ಹೊಳೆಯುವುದಿಲ್ಲ. ಎಂಥ ಸುಲಭದ ಉಪಾಯ! ನಾವು ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದವರು.

ಕೊನೆಗೆ ಬಾಗಿಲು. ಕತ್ತಲಾದರೆ ತಾನೇ ಮುಚ್ಚಿ, ಬೆಳಕಾದರೆ ತಾನೇ ತೆರೆಯುವ ಬಾಗಿಲು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಅಷ್ಟಕ್ಕಷ್ಟೇ, ಹೊತ್ತು ಮುಳುಗುವಾಗ ತಾವೇ ಬಂದು ಕೋಲಿನ ಮೇಲೆ ಕೂರುತ್ತವೆ. ಇನ್ನೇನು ಬೇಕು? ಬಾಗಿಲು ಮುಚ್ಚಿದರೆ ನನ್ನ ಫೋನಿಗೆ ಸಂದೇಶ. ನಾನು ಸೋಫಾ ಬಿಟ್ಟು ಏಳುವುದನ್ನೇ ನಿಲ್ಲಿಸಿದೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನೇ ಕೊಚ್ಚಿಕೊಳ್ಳುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕಳೆದ ತಿಂಗಳ ಸಂಗತಿ ಹೇಳದಿದ್ದರೆ ಸುಳ್ಳಾಗುತ್ತದೆ. ಆಗ ಕೋಳಿ ಏಳು ಆಗಿದ್ದವು. ಮೋಡ ಕವಿದ ಸಂಜೆ. ಬಾಗಿಲು ಮುಚ್ಚಿದೆ ಅಂತ ಸಂದೇಶ ಬಂತು. ಸುಳ್ಳೇನಲ್ಲ, ಮುಚ್ಚಿತ್ತು. ಮೋಡಕ್ಕೆ ಬೇಗನೇ ಕತ್ತಲೆ ಅಂದುಕೊಂಡು ಮುಚ್ಚಿತ್ತು. ಒಳಗೆ ಇದ್ದದ್ದು ಆರು. ಏಳನೆಯದು ಮುಚ್ಚಿದ ಬಾಗಿಲಿಗೇ ಒತ್ತಿಕೊಂಡು ಕೂತಿರಬೇಕು. ಬೆಳಿಗ್ಗೆ ಅಲ್ಲಿ ಕಂದು ಪುಕ್ಕ ಇತ್ತು.

ಅಜ್ಜಿ ಸಂಜೆ ಮಂಕರಿ ಕವುಚುವ ಮುಂಚೆ ಎಣಿಸುತ್ತಿದ್ದಳು. ಒಂದು, ಎರಡು ಅಂತಲ್ಲ. ಕೆಂಪಿ ಬಂತು, ಮೋಟುಬಾಲದ್ದು ಬಂತು, ಕಾವಿಗೆ ಕೂತದ್ದು ಬಂತು. ಒಂದು ಕಡಿಮೆ ಇದ್ದರೆ ನಮ್ಮನ್ನು ಓದಿನಿಂದ ಎಬ್ಬಿಸಿ ಟಾರ್ಚ್ ಕೊಟ್ಟು ಹುಲ್ಲಿನ ಬಣವೆ ಹಿಂದಕ್ಕೆ ಅಟ್ಟುತ್ತಿದ್ದಳು. ರಾತ್ರಿ ಕೋಳಿ ಕೊಕ್ಕರಿಸಿದರೆ ಮೊದಲು ನಾಯಿ, ಆಮೇಲೆ ಇಡೀ ಮನೆ ಏಳುತ್ತಿತ್ತು. ಸಂದಿ ಮುಚ್ಚುತ್ತಿರಲಿಲ್ಲ, ನಿಜ. ಅದನ್ನು ನಾನೇನೂ ಒಪ್ಪುವುದಿಲ್ಲ. ಆದರೆ ಕೋಳಿ ಹೊರಗೆ ಉಳಿದು, ಮನೆಯವರೆಲ್ಲ ಒಳಗೆ ಮಲಗಿದ್ದು ನನಗೆ ನೆನಪಿಲ್ಲ.

ಮೊನ್ನೆ ಅಮ್ಮ ಫೋನ್ ಮಾಡಿದಳು. "ಕೋಳಿ ಮುಚ್ಚಿದ್ಯಾ?"

"ಅಮ್ಮಾ, ಇಲ್ಲಿ ಈಗ ಬೆಳಿಗ್ಗೆ."

"ಹಂಗಾದ್ರೆ ಬಿಡುವಾಗ ಎಣಿಸಿದ್ಯಾ?"

ಎಣಿಸಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಫೋನ್ ಕಿವಿಗೆ ಇಟ್ಟುಕೊಂಡೇ ಹಿತ್ತಲಿಗೆ ಹೋದೆ. ಆರು ಇದ್ದವು.