ಹೊಗೆರಹಿತ ಮದ್ದಿನ ಬಗ್ಗೆ ಹರಿದಾಡುತ್ತಿರುವ ಸಂದೇಶ: ಸ್ಪಷ್ಟನೆ
ಬೆಳೆ ರಕ್ಷಣೆಗೆಂದು ಇಟ್ಟುಕೊಂಡ ನಾಡಬಂದೂಕಿಗೆ ಕರಿಮದ್ದಿನ ಬದಲು ರೈಫಲ್ ತೋಟೆಯ ಹೊಗೆರಹಿತ ಮದ್ದನ್ನು ಅದೇ ಅಳತೆಯಲ್ಲಿ ತುಂಬಬಹುದು, ನಳಿಗೆಗೆ ಮಸಿಯೂ ಹಿಡಿಯುವುದಿಲ್ಲ ಎಂಬ ಸಂದೇಶ ಕೊಪ್ಪಳ, ಯಲಬುರ್ಗಾ ಕಡೆಯ ರೈತರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಮಸಿ ಕಡಿಮೆ ಎಂಬುದಷ್ಟೇ ಇದರಲ್ಲಿ ನಿಜ. ಉಳಿದದ್ದು ಪ್ರಾಣಕ್ಕೆ ಎರವಾಗುವ ಸಲಹೆ.

ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಹೊಗೆರಹಿತ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್. ಒತ್ತಡ ಏರಿದಂತೆಲ್ಲ ಅದು ಉರಿಯುವ ವೇಗವೂ ಏರುತ್ತದೆ. .30-06 ಬೇಟೆ ರೈಫಲ್‌ನ ತೋಟೆಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ ಸುಮಾರು 60,000 ಪೌಂಡ್. ಚರೆ ಹಾರಿಸುವ ಸಾಮಾನ್ಯ 12 ಬೋರ್ ಬಂದೂಕಿನ ತೋಟೆಗೆ ಅದು 11,500 ಮಾತ್ರ. ಕರಿಮದ್ದಿಗೆಂದೇ ಮಾಡಿದ ನಳಿಗೆ ಹೊಗೆರಹಿತ ಮದ್ದಿನ ಒತ್ತಡವನ್ನು ತಾಳದೆ, ಎಡಗೈ ಹಿಡಿದ ಜಾಗದಲ್ಲೋ ಮುಖದ ಬಳಿಯೋ ಸಿಡಿಯಬಹುದು.

ಹೊಗೆರಹಿತ ಮದ್ದುಗಳಲ್ಲೂ ಪಿಸ್ತೂಲಿನದು ಬೇಗ ಉರಿಯುತ್ತದೆ, ರೈಫಲ್‌ನದು ನಿಧಾನವಾಗಿ. ಬರಿಗಣ್ಣಿಗೆ ಎರಡೂ ಒಂದೇ ರೀತಿಯ ಬೂದುಬಣ್ಣದ ಕಾಳು. ಕೈಯಿಂದ ತೋಟೆ ತುಂಬಲು ಕಾನೂನು ಅವಕಾಶ ಕೊಟ್ಟಿರುವ ದೇಶಗಳಲ್ಲೂ ಮದ್ದನ್ನು ಕಣ್ಣಂದಾಜಿನಲ್ಲಿ ಅಳೆಯುವುದಿಲ್ಲ. ತಯಾರಕರ ಕೋಷ್ಟಕ ನೋಡಿ, ಸುಮಾರು 65 ಮಿಲಿಗ್ರಾಂ ತೂಗುವ ಗ್ರೇನ್ ಲೆಕ್ಕದಲ್ಲಿ, ಗರಿಷ್ಠಕ್ಕಿಂತ ಕೆಳಗಿನಿಂದ ಆರಂಭಿಸುತ್ತಾರೆ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದ್ದು, ಬೆಳೆ ಹಾಳು ಮಾಡಿದರೂ ಅಧಿಕೃತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ.

ಈಗಾಗಲೇ ಇಂಥ ಮದ್ದು ತುಂಬಿದವರು ದಯವಿಟ್ಟು ಅದನ್ನು ಹಾರಿಸಬಾರದು, ಸಲಾಕೆ ಹಾಕಿ ಕೆದಕಲೂಬಾರದು. ಪೊಲೀಸ್ ಠಾಣೆಗೆ ತಿಳಿಸಿ, ಪರವಾನಗಿ ಇರುವ ಬಂದೂಕು ದುರಸ್ತಿಗಾರರಿಂದಲೇ ಮದ್ದು ತೆಗೆಸಬೇಕು.