ಮಂದೆ ಬಿಟ್ಟ ಕುರಿ

ಶನಿವಾರ ಸಂಜೆ, ಚೀಲ ಹೆಗಲಿಗೆ ಹಾಕಿಕೊಂಡಾಗ ಮೇಲಿನವರ ಮೇಲ್ ಬಂತು. ಲೆಕ್ಕದ ಶೀಟಿನಲ್ಲಿ ನಾನೊಂದು ಸೊನ್ನೆ ಬಿಟ್ಟಿದ್ದೆ. ಅದು 'ಎಗ್ರೀಜಿಯಸ್' ತಪ್ಪಂತೆ. ಬರೀ ತಪ್ಪು ಅಂದಿದ್ದರೆ ಸಾಕಿತ್ತು, ಅಲ್ವಾ? ಬೈಯುವುದಕ್ಕೂ ಡಿಕ್ಷನರಿ ನೋಡಿಸುವ ಜನ!

ನೋಡಿದೆ. ಈಗಿನ ಇಂಗ್ಲಿಷಿನಲ್ಲಿ ಅಂದರೆ ಎದ್ದು ಕಾಣುವಷ್ಟು ಕೆಟ್ಟದ್ದು. ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದರೆ ಮಂದೆ. ಮಂದೆಯಿಂದ ಆಚೆ ನಿಂತು ಎದ್ದು ಕಾಣುವುದು 'ಎಗ್ರೀಜಿಯಸ್'. ರೋಮನ್ನರ ಕಾಲದಲ್ಲಿ ಇದು ಹೊಗಳಿಕೆ. 16ನೇ ಶತಮಾನದ ಇಂಗ್ಲಿಷಿನಲ್ಲೂ ದೊಡ್ಡವರನ್ನು ಹೀಗೆ ಹೊಗಳುವುದಿತ್ತು. ಇಟಲಿಯವರು ಈಗಲೂ ಕಾಗದದ ತಲೆಯಲ್ಲಿ 'ಎಗ್ರೇಜಿಯೊ' ಅಂತ ಬರೆಯುತ್ತಾರೆ, ನಮ್ಮ 'ಮಾನ್ಯರೇ' ಇದ್ದ ಹಾಗೆ.

ಮಂದೆ ಅಂದಕೂಡಲೇ ನೆನಪಾಯಿತು. ಹಿರಿಯೂರಿನ ಹತ್ತಿರ ಒಮ್ಮೆ ನಮ್ಮ ಬಸ್ಸಿಗೆ ಕುರಿಮಂದೆ ಅಡ್ಡ ಬಂತು. ಎಲ್ಲವೂ ತಲೆ ತಗ್ಗಿಸಿಕೊಂಡು ದಾಟಿದವು. ಒಂದು ಕಂದು ಕುರಿ ಮಾತ್ರ ವಾಪಸ್ ಬಂದು, ಬಸ್ಸಿನ ಮುಂದೆಯೇ ನಿಂತು, ಬಾಳೆಹಣ್ಣಿನ ಸಿಪ್ಪೆ ಮೆಲ್ಲತೊಡಗಿತು. ಡ್ರೈವರ್ ಹಾರ್ನ್ ಒತ್ತೇ ಒತ್ತಿದ. ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ. ಕಂಬಳಿ ಹೊದ್ದ ಕುರಿಗಾಹಿ ಆ ಕಡೆಯಿಂದಲೇ ಕೂಗಿದ: "ಹಾರ್ನ್ ಹೊಡೀಬ್ಯಾಡ್ರಿ, ಅದರವ್ವನೂ ಹಿಂಗೇ ಇತ್ತು!" ಬಸ್ಸೆಲ್ಲ ನಗು. ಕಂಡಕ್ಟರ್ ಇಳಿದು ನೂಕಿದರೆ ಅದು ಸಿಪ್ಪೆ ಕಚ್ಚಿಕೊಂಡು ಎರಡು ಹೆಜ್ಜೆ ಸರಿದು, ಮತ್ತೆ ಅಲ್ಲೇ ನಿಂತಿತು. ನಿಜ ಹೇಳುತ್ತೇನೆ, ಆ ಮಂದೆಯಲ್ಲಿ ಈಗ ನನಗೆ ಮುಖ ನೆನಪಿರುವುದು ಅದೊಂದರದ್ದೇ.

ಸಿಪ್ಪೆ ಕಿಟಕಿಯಿಂದ ಎಸೆದವನು ಯಾರು ಅಂತ ಹುಡುಕಾಟ ಶುರುವಾಯಿತು. ನನ್ನ ಮಡಿಲಲ್ಲಿ ಇನ್ನೂ ಮೂರು ಹಣ್ಣಿದ್ದವು. ಕಂಡಕ್ಟರ್ ನನ್ನನ್ನೇ ನೋಡುತ್ತ, "ಘನಂದಾರಿ ಕೆಲಸ ಮಾಡಿದ್ರಿ ಸಾರ್" ಅಂದ. ಈ 'ಘನಂದಾರಿ'ಯದೂ ಅದೇ ಪಾಡು. ಒಳಗೆ 'ಘನ' ಇದೆ, ಆದರೆ ಮರ್ಯಾದೆಗೆ ಯಾರೂ ಬಳಸುವುದಿಲ್ಲ. ಹೊಗಳಿಕೆಯ ಮಾತುಗಳೇ ಯಾಕೆ ಹೀಗೆ ಹಳಸುತ್ತವೋ! ಅದನ್ನು ಹೇಳೋಣ ಅಂತಲೇ ಬರೆಯಲು ಕೂತೆ, ನಡುವೆ ಕುರಿ ಬಂತು.

ಮೇಲ್‌ಗೆ ಉತ್ತರ ಬರೆದೆ. 'ಎಗ್ರೀಜಿಯಸ್ ಸರ್' ಅಂತ ಶುರುಮಾಡಿ, ಇಟಲಿಯ ಪದ್ಧತಿಯನ್ನೂ ಎರಡು ಸಾಲಿನಲ್ಲಿ ವಿವರಿಸಿದೆ. ಮನೆಯ ಕಂತು ಇನ್ನೂ ಹನ್ನೊಂದು ವರ್ಷ ಬಾಕಿ ಇದೆ. ಎಲ್ಲ ಅಳಿಸಿ, ಸೊನ್ನೆ ಹಾಕಿ, ಶೀಟ್ ಮತ್ತೆ ಕಳಿಸಿದೆ.